ವಾಮದಪದವಿನಲ್ಲಿ ಬಸ್ಸು ಹತ್ತಿದ ಇ-ಪುಸ್ತಕ

ಕಳೆದ ತಿಂಗಳು ಒಂದು ಶನಿವಾರ ಚಿಕ್ಕಮ್ಮ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು.

“ಈ ಪುಸ್ತಕ ಓದಿ ಆಯ್ತು ಮಾರಾಯ್ತಿ. ಇನ್ನು ಇದನ್ನು ವಿಮಲ ಟೀಚರಿಗೆ ಕಳಿಸುದು ಹೇಗೆ?”

ಚಿಕ್ಕಮ್ಮ ವಾಮದಪದವಿನಲ್ಲಿರುವ ನಿವೃತ್ತ ಕನ್ನಡ ಟೀಚರ್. ವಿಮಲ ಟೀಚರ್ ಮುಂಡಾಜೆಯವರು. ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡಿದವರು. ಈಗ ಭೇಟಿ ಅಪರೂಪ, ಪುಸ್ತಕ ಮಾತ್ರ ತಪ್ಪಿಲ್ಲ. ಒಬ್ಬರು ಓದಿ, ಇಷ್ಟವಾದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ಇನ್ನೊಬ್ಬರು ಒಪ್ಪಿಗೆಯಿಲ್ಲದ ಗೆರೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕಳಿಸುತ್ತಾರೆ. (ಉತ್ತರ ಪತ್ರಿಕೆ ತಿದ್ದಿದ ಕೈಗಳು. ಸುಮ್ಮನಿರುತ್ತವೆಯೇ?)

ಈಚೆಗೆ ಇಬ್ಬರಿಗೂ ಸಣ್ಣ ಅಕ್ಷರ ಕಾಣುವುದಿಲ್ಲ. ಮೂಡುಬಿದಿರೆಯಲ್ಲಿ ಕೂತ ನಾನು ಜಾಣತನ ತೋರಿಸಿದೆ. ನನ್ನ ಹಳೆಯ ಇ-ರೀಡರನ್ನು ಚಿಕ್ಕಮ್ಮನಿಗೆ ಕೊಟ್ಟೆ. ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಬೆರಳಿನಿಂದ ಸಾಲಿನ ಕೆಳಗೆ ಗೆರೆಯನ್ನೂ ಎಳೆಯಬಹುದು. ವಿಮಲ ಟೀಚರಿಗೆ ಅವರ ಮಗಳು ಇನ್ನೊಂದು ಕಂಪನಿಯದ್ದು ಕೊಡಿಸಿದ್ದರು. ಇನ್ನೇನು ಬೇಕು?

ಪುಸ್ತಕ ಅಲ್ಲಿಂದ ಇಲ್ಲಿಗೆ ಹೋಗಬೇಕು, ಅಷ್ಟೇ. ಅದೊಂದೇ ಆಗುವುದಿಲ್ಲ! ಈ ಕಂಪನಿಯ ಫೈಲ್ ಆ ಕಂಪನಿಯ ಯಂತ್ರದಲ್ಲಿ ತೆರೆಯದು. ಒಂದು ಉಪ್ಪಿನಕಾಯಿ ಭರಣಿಯ ಮುಚ್ಚಳ ಇನ್ನೊಂದಕ್ಕೆ ಕೂರದ ಹಾಗೆ. ಫಾರ್ಮ್ಯಾಟ್ ಬದಲಾಯಿಸುವ ಸಾಫ್ಟ್‌ವೇರ್ ಹಾಕಿಕೊಂಡು ಭಾನುವಾರ ಪೂರ್ತಿ ಗುದ್ದಾಡಿದೆ. ಫೈಲಿಗೆ ನಕಲು ತಡೆಯುವ ಬೀಗವೂ ಇದೆಯಂತೆ. ಬರೆದವರ ಅನ್ನಕ್ಕೆ ಯಾರೂ ಕಲ್ಲು ಹಾಕದಿರಲಿ ಎಂದು ಹಾಕಿದ ಬೀಗ. ನಾನೂ ಬರೆಯುವವಳೇ, ಬೈಯಲು ಬಾಯಿಲ್ಲ. ಆದರೆ ಗೆಳತಿಗೊಮ್ಮೆ ಓದಲು ಕೊಡುವುದೂ ಕಳ್ಳತನವೇ?

“ಆಗುದಿಲ್ಲ ಚಿಕ್ಕಮ್ಮ. ಅದನ್ನು ಬೇರೆಯವರಿಗೆ ಕೊಡ್ಲಿಕ್ಕೆ ಬಿಡುದಿಲ್ಲ” ಎಂದು ರಾತ್ರಿ ಫೋನ್ ಮಾಡಿ ಹೇಳಿದೆ.

“ಬೇರೆಯವರಾ? ವಿಮಲ ಟೀಚರಾ?”

“ಅವರ ಯಂತ್ರಕ್ಕೆ ಇನ್ನೊಂದು ಪ್ರತಿ ತೆಗೆದುಕೊಳ್ಳುವ.”

“ಅದರಲ್ಲಿ ನನ್ನ ಗೆರೆ ಉಂಟಾ?”

“ಇಲ್ಲ” ಎಂದೆ. ಅತ್ತ ಕಡೆಯಿಂದ ನಿಧಾನವಾಗಿ ಮಾತು ಬಂತು: “ನಾನು ಓದಿ ಅವರು ಓದದಿದ್ರೆ, ನನಗೆ ಓದಿದ ಹಾಗೇ ಆಗುದಿಲ್ಲ ಮಾರಾಯ್ತಿ.”

 

ಎರಡು ದಿನ ಬಿಟ್ಟು ಮತ್ತೆ ಫೋನ್. “ಕಳಿಸಿ ಆಯ್ತು.”

“ಹೇಗೆ?”

“ಹೇಗೆ ಅಂದ್ರೆ? ಬಸ್ಸಿನಲ್ಲಿ.”

ಇಡೀ ಇ-ರೀಡರನ್ನೇ! ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿ, ಮೇಲೆ ಹೆಸರು ಬರೆದು, ಕಂಡಕ್ಟರ್ ಕೈಗೆ ಕೊಟ್ಟಿದ್ದರು. ಪುಂಜಾಲಕಟ್ಟೆಯಲ್ಲಿ ಬಸ್ಸು ಬದಲಾಯಿಸಿ ಅದು ಮುಂಡಾಜೆ ತಲುಪಿತ್ತು. ಪರದೆ, ಬ್ಯಾಟರಿ, ನನ್ನ ಖಾತೆ, ಎಲ್ಲ ಸಮೇತ. ಚಾರ್ಜರ್ ಮಾತ್ರ ಮರೆತಿದ್ದರು. (ಪುಣ್ಯಕ್ಕೆ ವಿಮಲ ಟೀಚರ ಯಂತ್ರಕ್ಕೂ ಇದಕ್ಕೂ ಪಿನ್ನು ಒಂದೇ.)

ಹೌದು, ಆ ರೀಡರ್ ಈಗಲೂ ನನ್ನ ಖಾತೆಯಲ್ಲೇ ಇದೆ. ಅದರಲ್ಲಿ ಗುರುತು ಹಾಕಿದ್ದೆಲ್ಲ ನನ್ನ ಫೋನಿನಲ್ಲೂ ಕಾಣುತ್ತದೆ. ಅಲ್ಲಿ ವಿಮಲ ಟೀಚರ ಮಗಳು ಅದನ್ನು ಮನೆಯ ವೈಫೈಗೆ ಸೇರಿಸಿದ್ದರು. ಮೊನ್ನೆ ಬೆಳಿಗ್ಗೆ ಚಹಾ ಹಿಡಿದು ಫೋನ್ ತೆರೆದರೆ, ಚಿಕ್ಕಮ್ಮನ ಗೆರೆಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ! ಮುಂದಿನ ಪುಟದಲ್ಲಿ ಇನ್ನೊಂದು. ಹನ್ನೊಂದನೆಯ ಅಧ್ಯಾಯದಲ್ಲಿ ಸಾಲಾಗಿ ನಾಲ್ಕು. ವಿಮಲ ಟೀಚರ್ ಓದುತ್ತಿದ್ದಾರೆ, ಜಗಳಕ್ಕೂ ತಯಾರಾಗಿದ್ದಾರೆ. ನನಗಾದ ಸಂತೋಷದಲ್ಲಿ ಚಹಾ ಆರಿಹೋದದ್ದೇ ಗೊತ್ತಾಗಲಿಲ್ಲ.

ಬೀಗ ಹಾಕಿದ ಹಾಗೆಯೇ ಇದೆ. ಒಂದು ನಕಲೂ ಆಗಿಲ್ಲ. ಕಂಪನಿಯ ದಾಖಲೆಯಲ್ಲಿ ಆ ಸಾಲುಗಳನ್ನು ಮೆಚ್ಚಿದವಳೂ ನಾನೇ, ಒಪ್ಪದವಳೂ ನಾನೇ.

ಪಾಪ, ನನ್ನ ತಲೆಯ ಬಗ್ಗೆ ಕಂಪನಿಯವರು ಏನೆಂದುಕೊಂಡಿರಬಹುದು?