ಕಂಪ್ಯೂಟರ್ ಪರದೆಯ ಮೇಲೊಂದು ‘ಸೇವಾರ್ಥ’

ಬೆಳಗಿನ ಆರೂವರೆ. ಅಂತರಸನಹಳ್ಳಿಯಲ್ಲಿ ಶಿವಮೂರ್ತಿಯವರ ಪಂಪ್‌ಸೆಟ್ ಕಾರ್ಖಾನೆಯ ಗೇಟಿನೆದುರು ಸ್ವರ್ಣಲತಾ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಲೇಖನಕ್ಕಾಗಿ ನಾನೂ ಜೊತೆಗಿದ್ದೇನೆ. ಮಾಲೀಕರು ಮೊದಲ ಪಾಳಿಗೆ ಮುಂಚೆಯೇ ಬರುತ್ತಾರೆ, ಆಮೇಲೆ ಕೈಗೆ ಸಿಗುವವರಲ್ಲ. ಇದು ನನಗೂ ಗೊತ್ತು. ನಮ್ಮ ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ಜಾಹೀರಾತು ಕೇಳಲು ಹಿಂದೊಮ್ಮೆ ನಾನೂ ಇದೇ ಗೇಟು ಕಾದಿದ್ದೇನೆ. ನನಗೆ ಸಿಕ್ಕಿದ್ದು ಒಂದು ಲೋಟ ಟೀ. ಈಕೆಗೆ ಸಿಕ್ಕಿದ್ದು ಇಡೀ ವರ್ಷದ ಪ್ರಾಯೋಜಕತ್ವ. ಹೊಟ್ಟೆಕಿಚ್ಚಿಲ್ಲದೆ ಈ ಲೇಖನ ಬರೆಯುತ್ತಿದ್ದೇನೆ ಎಂದರೆ ಅದು ಸುಳ್ಳು.

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಸ್ವರ್ಣಲತಾ ಇಲ್ಲಿನ ಸದಾಶಿವನಗರದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುತ್ತಾರೆ. 2004ರಲ್ಲಿ ಶುರುವಾದ ‘ಲಿನಕ್ಸ್ ಬಳಗ’ ಪ್ರತಿ ಭಾನುವಾರ ಅದೇ ಪ್ರೆಸ್ಸಿನ ಮಹಡಿಯಲ್ಲಿ ಸೇರುತ್ತದೆ. ಲಿನಕ್ಸ್ ಎಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಬೇಕಾದಂತೆ ತಿದ್ದಿಕೊಳ್ಳಬಹುದಾದ ತಂತ್ರಾಂಶ. ಅದನ್ನು ಸಿಡಿಗಳಲ್ಲಿ ಹಂಚಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಕಲಿಸುವುದು ಬಳಗದ ಕೆಲಸ. ಖರ್ಚಿಗಾಗಿ ಕಂಪನಿಗಳ ಬಾಗಿಲು ತಟ್ಟುವವರು ಮಾತ್ರ ಬಳಗದಲ್ಲಿ ಸ್ವರ್ಣಲತಾ ಒಬ್ಬರೇ. ಕೆಲಸಕ್ಕೆ ಹೋಗುವ ಮುನ್ನ ದಿನಕ್ಕೆ ಎರಡು ಕಾರ್ಖಾನೆ.

“ಫ್ರೀ ಅಂತೀಯ, ಮತ್ತೆ ದುಡ್ಡ್ ಯಾಕಮ್ಮ ಅಂತ ಎಲ್ರೂ ಕೇಳೋರು. ಭಜನೆ ಫ್ರೀನೇ ಸಾರ್, ಮೈಕ್‌ಸೆಟ್ನೋನು ಫ್ರೀಯಾಗ್ ಬರ್ತಾನಾ ಅಂತಿದ್ದೆ. ನಕ್ಕು ಕಳಿಸೋರು.”

ಒಂದು ದಿನ ದೇವಸ್ಥಾನದ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಯ ಹೆಸರು ಕಂಡು ಇವರಿಗೊಂದು ಉಪಾಯ ಹೊಳೆಯಿತು. ಈಗ ಬಳಗದ ಸಿಡಿ ಹಾಕಿದರೆ ಪರದೆಯ ಮೇಲೆ ಮೊದಲು ಮೂಡುವುದು ‘ಸೇವಾರ್ಥ: ಶಿವಮೂರ್ತಿ ಪಂಪ್ಸ್’. ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲವೋ!

ಪಕ್ಕದ ಕಾರ್ಖಾನೆಯ ಮಲ್ಲಿಕಾರ್ಜುನ್ ಅವರಿಗೆ ನನಗಿಂತಲೂ ಹೆಚ್ಚು ಉರಿದಿದೆ. ಸಿಡಿ ನಕಲು ಮಾಡಿಸಿ, ಶಿವಮೂರ್ತಿಯವರ ಹೆಸರು ತೆಗೆಸಿ, ತಮ್ಮದನ್ನು ಹಾಕಿಸಿ ಕುಣಿಗಲ್ ತುಂಬ ಹಂಚಿಸಿದ್ದಾರೆ. ಸುದ್ದಿ ತಿಳಿದ ಶಿವಮೂರ್ತಿ ನಿನ್ನೆ ಸ್ವರ್ಣಲತಾ ಅವರಿಗೆ ಫೋನ್ ಮಾಡಿ ಗುಡುಗಿದ್ದಾರೆ. ಅವರು ಕೈಬಿಟ್ಟರೆ ಮುಂದಿನ ಭಾನುವಾರ ಗುಬ್ಬಿಯ ಶಾಲೆಯಲ್ಲಿ ನಡೆಯಬೇಕಾದ ಶಿಬಿರ ನಿಂತಂತೆಯೇ.

ಕಾರು ಬರುತ್ತದೆ. ಶಿವಮೂರ್ತಿ ಇಳಿಯುತ್ತಲೇ ಹೇಳುತ್ತಾರೆ: “ನನ್ನ ಹೆಸ್ರು ಯಾರೂ ಅಳಿಸ್ದಂಗೆ ಸಿಡಿಗೆ ಬೀಗ ಹಾಕ್ಕೊಡಮ್ಮ. ಐದ್ ವರ್ಷ ಖರ್ಚೆಲ್ಲ ನಂದೇ.”

ನಾನಾಗಿದ್ದರೆ ಅಲ್ಲೇ ಬೀಗ ಜಡಿದು ಕೀಲಿಯನ್ನೂ ಅವರ ಕೈಗೇ ಕೊಡುತ್ತಿದ್ದೆ.

“ಆಗಲ್ಲ ಸಾರ್,” ಎನ್ನುತ್ತಾರೆ ಸ್ವರ್ಣಲತಾ. “ತಿದ್ದೋಕೆ ಬಿಡ್ದಿದ್ರೆ ಅದು ಲಿನಕ್ಸೇ ಅಲ್ಲ. ನೀವು ಕೊಡಲ್ಲ ಅಂದ್ರೂ ಸರಿ, ಬೀಗ ಹಾಕಿದೀನಿ ಅಂತ ಸುಳ್ಳೇಳಿ ದುಡ್ಡ್ ಇಸ್ಕೊಳಲ್ಲ.”

ಶಿವಮೂರ್ತಿ ಪಕ್ಕದ ಕಾಂಪೌಂಡಿನತ್ತ ಒಮ್ಮೆ ದುರುಗುಟ್ಟಿ ನೋಡುತ್ತಾರೆ. “ಅವ್ನು ಎಷ್ಟು ಹಂಚವ್ನೆ?”

“ಇನ್ನೂರಂತೆ ಸಾರ್.”

“ನಂದು ಐನೂರು ಮಾಡ್ಸು. ಶಿಬಿರ ನಡೀಲಿ. ಗುಬ್ಬೀಲಾದ್ರೂ ಎಲ್ಲೂ ಅವನ ಹೆಸ್ರು ಕಾಣ್ಬಾರ್ದು.”

ನಾನು ಜಾಹೀರಾತಿನ ಮಾತೆತ್ತುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿದೆ. “ಇನ್ನೇನಮ್ಮ ಬೇಕು ನಿಮಗೆ?” ಎಂದು ಸ್ವರ್ಣಲತಾ ಅವರನ್ನು ಸ್ವಲ್ಪ ಕಹಿಯಾಗಿಯೇ ಕೇಳುತ್ತೇನೆ. ಅವರು ಸ್ಕೂಟಿ ಸ್ಟಾರ್ಟ್ ಮಾಡುತ್ತಾ ಗೇಟಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ.

“ಗುಬ್ಬಿ ಮಕ್ಳು ಚೆನ್ನಾಗ್ ಕಲೀಬೇಕು ಸಾರ್. ಕಲ್ತು, ಇವ್ರಿಬ್ರ ಹೆಸ್ರನ್ನೂ ಅಳಿಸಿ ತಮ್ಮ ಹೆಸ್ರು ಹಾಕ್ಕೋಬೇಕು. ಅದೊಂದ್ ನೋಡ್ಬೇಕು ಅಂತ ಆಸೆ.”