ಎದುರು ಬದಿಯಲ್ಲಿ ಅಕ್ಕ

ಅಪ್ಪನ ಟವೆಲಿನ ನೀಲಿ ಅಂಚಿಗೆ ಯಾವಾಗಲೂ ಹಳದಿ ಉಲ್ಲನ್ನಿನ ಒಂದು ಎಳೆ ಅಂಟಿಕೊಂಡಿರುತ್ತಿತ್ತು. ಅವ್ವ ಬೈದುಕೊಂಡೇ ಅದನ್ನು ಕಿತ್ತು ಎಸೆಯುತ್ತಿದ್ದಳು. ಮುಂದಿನ ವಾರ ಒಗೆಯಲು ತೆಗೆದಾಗ ಅಲ್ಲಿ ಇನ್ನೊಂದು ಇರುತ್ತಿತ್ತು.

ಅದು ಬಾಲ್ ಬ್ಯಾಡ್ಮಿಂಟನ್ನಿನ ಚೆಂಡಿನ ಎಳೆ. ಹಳದಿ ಉಲ್ಲನ್ನು ಸುತ್ತಿ ಮಾಡಿದ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಚೆಂಡು. ನೆಟ್ಟಿನ ಈ ಕಡೆ ಐದು ಜನ, ಆ ಕಡೆ ಐದು ಜನ. ನಮ್ಮ ಹಿರಿಯೂರಿನಲ್ಲಿ ಕ್ರಿಕೆಟ್ ಇದ್ದದ್ದು ರೇಡಿಯೋದಲ್ಲಿ; ಮೈದಾನದಲ್ಲಿ ಇದ್ದದ್ದು ಈ ಆಟ. ಸಂಜೆ ಐದರ ಹೊತ್ತಿಗೆ ಅಂಗಡಿಯವರು, ಮೇಷ್ಟ್ರುಗಳು, ಕಾಲೇಜಿನ ಹುಡುಗರು ಕೋರ್ಟಿನ ಸುತ್ತ ಸೇರುತ್ತಿದ್ದರು. ಚೆಂಡು ಗೆರೆ ದಾಟಿ ನಮ್ಮ ಕಡೆ ಉರುಳಿ ಬಂದರೆ ಅಪ್ಪ ಅದನ್ನೆತ್ತಿ ಟವೆಲಿನಿಂದ ಕೆಂಪು ಮಣ್ಣು ಒರೆಸಿ ವಾಪಸ್ಸು ಎಸೆಯುತ್ತಿದ್ದರು. ಎಳೆ ಬರುತ್ತಿದ್ದುದು ಹಾಗೆ.

ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹುಟ್ಟಿದ್ದು ಹೊಸದುರ್ಗದ ಕಡೆ. ಹಿರಿಯೂರಿಗೆ ವರ್ಗವಾಗಿ ಬಂದ ಮೊದಲ ವಾರ, ಪರಿಚಯದವರು ಯಾರೂ ಇಲ್ಲದೆ, ಹೊತ್ತು ಕಳೆಯಲು ಮೈದಾನದ ಅಂಚಿನಲ್ಲಿ ನಿಂತಿದ್ದರಂತೆ. ಚೆಂಡು ಕಾಲ ಹತ್ತಿರ ಬಂತು. ಆಡುತ್ತಿದ್ದವರಲ್ಲೊಬ್ಬ, “ಮೇಷ್ಟ್ರೇ, ಬಾಲ್ ಇತ್ಲಾಗೆ ಒಗೀರಿ” ಎಂದ. ತಾನು ಮೇಷ್ಟ್ರೆಂದು ಅವನಿಗೆ ಹೇಗೆ ಗೊತ್ತಾಯಿತೆಂದು ಅಪ್ಪನಿಗೆ ಆಶ್ಚರ್ಯ. ಅಂದಿನಿಂದ ಅದು ಅವರ ತಂಡ. ಹೊಸದುರ್ಗದವರು ಆಡಲು ಬಂದಾಗಲೂ ಅಪ್ಪ ಕೂರುತ್ತಿದ್ದುದು ಹಿರಿಯೂರಿನ ಕಡೆಯೇ.

ಅಕ್ಕನಿಗೆ ನಡೆಯಲು ಬಂದಾಗಿನಿಂದ ಅಪ್ಪ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಲಂಗಕ್ಕೆ ಮಣ್ಣಾಗದಿರಲಿ ಎಂದು ನೆಟ್ಟಿನ ಕಂಬದ ನೇರಕ್ಕೆ ಟವೆಲು ಹಾಸಿ, ಅವಳನ್ನು ಅದರ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರು. ಆಮೇಲೆ ನಾನೂ ಹೋಗತೊಡಗಿದೆ. ನನಗೆ ಆಟದ ಹುಚ್ಚು ಹತ್ತಲಿಲ್ಲ. ಸೈಕಲ್ಲಿನ ಕ್ಯಾರಿಯರಿನ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಪುಸ್ತಕದಿಂದ ತಲೆಯೆತ್ತಿದಾಗ ನನಗೆ ಕಾಣುತ್ತಿದ್ದುದು ಜನರ ಮುಖ, ಜನರ ಕೈ. ಯಾರು ಯಾವಾಗ ಚಪ್ಪಾಳೆ ತಟ್ಟುತ್ತಾರೆ ಎಂಬುದು ಆಟಕ್ಕಿಂತ ಬೇಗ ನನಗೆ ಅರ್ಥವಾಯಿತು.

ಚಪ್ಪಾಳೆಗೆ ಅಪ್ಪನದೊಂದು ಶಿಸ್ತಿತ್ತು. ಅಕ್ಕನಿಗೆ ಅದನ್ನು ಮಗ್ಗಿಯಂತೆ ಹೇಳಿಕೊಟ್ಟಿದ್ದರು. “ಒಳ್ಳೆ ಹೊಡ್ತಕ್ಕೆ ತಟ್ಟು, ಯಾರು ಹೊಡದ್ರೂ ಸರಿ. ತಪ್ಪಿಗೆ ಮಾತ್ರ ತಟ್ಬೇಡ. ಅವ್ರು ತಪ್ಪು ಮಾಡಿ ನಮಗೆ ಪಾಯಿಂಟ್ ಬಂತಾ, ಬಾಯಿ ಮುಚ್ಕಂಡು ತಗಾ.” ಸುತ್ತ ಕೂತವರು ಹಾಗಿರಲಿಲ್ಲ. ಎದುರಿನವನು ನೆಟ್ಟಿಗೆ ಹೊಡೆದರೆ ಸಾಕು, ಕುಣಿಯುತ್ತಿದ್ದರು. ಆ ಗದ್ದಲದ ನಡುವೆ ಕೈ ಕಟ್ಟಿ ಕೂತ ಇಬ್ಬರು, ಒಬ್ಬ ಮೇಷ್ಟ್ರು ಮತ್ತು ಎರಡು ಜಡೆಯ ಒಂದು ಹುಡುಗಿ, ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತಿದ್ದರು.

ಗೆದ್ದರೋ ಸೋತರೋ ಎಂದು ಅವ್ವನಿಗೆ ಹೇಳಬೇಕಾಗಿರಲಿಲ್ಲ. ಗೆದ್ದ ದಿನ ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದರು. ಸೋತ ದಿನ ಗೋಡೆಗೆ ಒರಗಿಸುತ್ತಿದ್ದರು. ಸ್ಟ್ಯಾಂಡಿನ ಸದ್ದು ಕೇಳದಿದ್ದರೆ ಅವ್ವ ಒಳಗಿನಿಂದಲೇ “ಸೋತ್ರಾ?” ಎನ್ನುತ್ತಿದ್ದಳು. ಊಟದಲ್ಲಿ ಮಾತಿರುತ್ತಿರಲಿಲ್ಲ. ಆದರೆ ಸೋತ ಮರುದಿನ ಬೆಳಿಗ್ಗೆ ಅಪ್ಪ ತಪ್ಪದೆ ಅಕ್ಕನನ್ನು ಎಬ್ಬಿಸಿಕೊಂಡು ಪ್ರಾಕ್ಟೀಸು ನೋಡಲು ಹೋಗುತ್ತಿದ್ದರು. “ಗೆದ್ದ ಮಾರನೆ ದಿನ ಊರೆಲ್ಲ ಬರ್ತೈತೆ. ಇವತ್ತು ನಾವು ಹೋಗ್ಬೇಕು ಕಣವ್ವ” ಎನ್ನುತ್ತಿದ್ದುದು ನನಗೆ ಹಾಸಿಗೆಯಲ್ಲೇ ಕೇಳಿಸುತ್ತಿತ್ತು. ನಾನು ಮಗ್ಗುಲಾಗಿ ಮಲಗುತ್ತಿದ್ದೆ.

ಅಕ್ಕನಿಗೆ ಗಂಡು ಸಿಕ್ಕಿದ್ದೂ ಆ ಮೈದಾನದಲ್ಲೇ. ಹೊಳಲ್ಕೆರೆಯ ತಂಡದಲ್ಲಿ ಹಿಂದೆ ನಿಂತು ಆಡುವ ಒಬ್ಬ ಎತ್ತರದ ಹುಡುಗನಿದ್ದ. ಒಮ್ಮೆ ನಮ್ಮೂರಿನಲ್ಲಿ ಆಡುವಾಗ ಚೆಂಡು ಅವನ ಅಂಗಿಯ ತೋಳಿಗೆ ಸವರಿಕೊಂಡು ಹೋಯಿತು. ಅಂಪೈರ್ ನೋಡಿರಲಿಲ್ಲ, ನಮ್ಮವರೂ ನೋಡಿರಲಿಲ್ಲ. ಅವನೇ ಕೈಯೆತ್ತಿ, “ತಾಕ್ತು ಸರ್” ಎಂದ. ಬಟ್ಟೆಗೆ ತಾಕಿದರೂ ತಪ್ಪೇ; ಪಾಯಿಂಟ್ ನಮಗೆ ಬಂತು. ಆದರೂ ಅವತ್ತು ನಾವು ಸೋತೆವು. ಸೋತಿದ್ದರೂ ಅಪ್ಪ ಮನೆಗೆ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಅವ್ವ ಹೊರಗೆ ಬಂದು ನೋಡಿ, ಗೆದ್ದರೆಂದೇ ತಿಳಿದಳು. “ಇಲ್ಲ ಕಣೇ, ಒಬ್ಬ ಹುಡುಗನ್ನ ನೋಡ್ದೆ” ಎಂದರು ಅಪ್ಪ. ವಿಚಾರಿಸಿದಾಗ ದೂರದ ಸಂಬಂಧವೂ ಹೊಂದಿತು. ಆರು ತಿಂಗಳೊಳಗೆ ಮದುವೆಯಾಯಿತು.

ಎದುರು ತಂಡದವನಿಗೆ ಮಗಳನ್ನು ಕೊಟ್ಟರೆ ಮಗಳೂ ಎದುರು ಬದಿಗೆ ಹೋಗುತ್ತಾಳೆಂಬುದು ಅಪ್ಪನಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ ಟೂರ್ನಮೆಂಟು ನಡೆಯಿತು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಫೈನಲ್ಲಿಗೆ ಬಂದದ್ದು ಹಿರಿಯೂರು ಮತ್ತು ಹೊಳಲ್ಕೆರೆ. ಅಕ್ಕನ ಮನೆಯವರೆಲ್ಲ ಬರುತ್ತಾರೆಂದು ಸುದ್ದಿ ಬಂದಿತ್ತು. ಅಪ್ಪ ಹಿಂದಿನ ಸಂಜೆ ಟವೆಲನ್ನು ತಾವೇ ಒಗೆದು ಹರವಿದರು. ಅವ್ವ ಅದನ್ನು ನೋಡಿ, “ಅವ್ಳೀಗ ಆ ಮನೆಯೋಳು ಕಣ್ರಿ. ಆ ಕಡೇನೇ ಕುಂತ್ಕಂತಾಳೆ” ಎಂದಳು.

“ಹುಟ್ಟಿ ಬೆಳದಿದ್ದು ಎಲ್ಲಿ?”

“ನೀವು ಹುಟ್ಟಿ ಬೆಳದಿದ್ದು ಎಲ್ಲಿ? ಹೊಸದುರ್ಗದೋರು ಬಂದಾಗ ಯಾವ್ ಕಡೆ ಕುಂತ್ಕಂತೀರಿ?”

ಅಪ್ಪ ಟವೆಲಿನ ಸುಕ್ಕು ಬಿಡಿಸಿದರು.

ಮರುದಿನ ಅಪ್ಪನೂ ನಾನೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆವು. ಮೈದಾನ ಕೋಟೆಯ ಬೆಟ್ಟಕ್ಕೆ ಎದುರಾಗಿತ್ತು. ದುರ್ಗದ ಗಾಳಿ ಆ ಆಟಕ್ಕೆ ಆರನೆಯ ಆಟಗಾರನಿದ್ದಂತೆ. ಹಗುರ ಚೆಂಡನ್ನು ಎಲ್ಲಿಗೆ ಬೇಕೆಂದರೆ ಅಲ್ಲಿಗೆ ಒಯ್ಯುತ್ತದೆ. ಅಪ್ಪ ನೆಟ್ಟಿನ ನೇರಕ್ಕೆ ಜಾಗ ಹಿಡಿದು ಟವೆಲು ಹಾಸಿ, ಪಕ್ಕದಲ್ಲಿ ಕೂತರು. ನಾನು ಟವೆಲಿನ ಈಚೆ, ಬಿಚ್ಚಿದ ಚಪ್ಪಲಿಗಳ ಮೇಲೆ ಕೂತೆ. ನಮ್ಮೂರಿನ ಯಾರೋ “ಮೇಷ್ಟ್ರೇ, ಸ್ವಲ್ಪ ಸರೀರಿ” ಎಂದಾಗ ಅಪ್ಪ, “ಮಗಳು ಬರ್ತಾಳಪ್ಪ, ಜಾಗ ಐತೆ ಇಲ್ಲಿ” ಎಂದರು. ಅವನು ನನ್ನನ್ನು ನೋಡಿದ. ಅಪ್ಪ, “ದೊಡ್ಡೋಳು” ಎಂದರು.

ಹೊಳಲ್ಕೆರೆಯವರು ಲಾರಿಯಲ್ಲಿ ಬಂದಿಳಿದರು. ಅಕ್ಕ ಅವಳ ಅತ್ತೆಯ ಜೊತೆ ಬಂದು ನಮ್ಮ ನೇರ ಎದುರಿಗೆ, ಕೋರ್ಟಿನ ಆಚೆ, ಚಾಪೆಯ ಮೇಲೆ ಕೂತಳು. ನಮ್ಮನ್ನು ನೋಡಿ ಕೈಯನ್ನು ಸ್ವಲ್ಪ ಎತ್ತಿದಳು. ಅವಳ ಅತ್ತೆ ದೊಡ್ಡ ಗಂಟಲಿನ, ನಗುಮುಖದ ಹೆಂಗಸು. ಅಲ್ಲಿಂದಲೇ ಕೂಗಿದರು. “ಬೀಗರೇ, ನಮಸ್ಕಾರ! ನಿಮ್ಮ ಹುಡ್ಗಿ ಈಗ ನಮ್ಮ ಪಾರ್ಟಿ! ನೀವೂ ಬರ್ರಿ, ಚಾಪೆ ದೊಡ್ಡದೈತೆ!”

ಎರಡೂ ಕಡೆಯವರು ನಕ್ಕರು. ಅಪ್ಪನೂ ಕೈಮುಗಿದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಆ ಕಡೆ ಬಿಸ್ಲು ಕಣ್ಣಿಗೆ ಹೊಡಿತೈತೆ” ಎಂದು ಮೆಲ್ಲಗೆ ಹೇಳಿದರು. ಟವೆಲನ್ನು ಮಡಿಸಲಿಲ್ಲ.

ಆಟ ಶುರುವಾಯಿತು. ನಾನು ಎಂದಿನಂತೆ ಎದುರಿನವರ ಕೈಗಳನ್ನು ನೋಡಿದೆ. ಅಕ್ಕ ತಟ್ಟುತ್ತಿದ್ದಳು. ಮರ್ಯಾದೆಗೆ ತಟ್ಟುವ ಚಪ್ಪಾಳೆಯಲ್ಲ ಅದು. ಭಾವ ಹಿಂದಿನಿಂದ ಓಡಿಬಂದು ಚೆಂಡೆತ್ತಿದಾಗ ಅವಳ ಮೈಯೇ ಮುಂದಕ್ಕೆ ವಾಲುತ್ತಿತ್ತು. ಅಪ್ಪ ಅದನ್ನು ನೋಡಿದರು. ಅತ್ತೆಯ ಬಲವಂತಕ್ಕೆ ಅಲ್ಲಿ ಕೂತಿದ್ದಾಳೆಂದು ಅಂದುಕೊಳ್ಳಲು ಆಗುತ್ತಿರಲಿಲ್ಲ. ಮೊದಲ ಗೇಮು ಹೊಳಲ್ಕೆರೆಗೆ ಹೋಯಿತು.

ಎರಡನೆಯ ಗೇಮಿನಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಆಟವನ್ನು ಕೈಗೆ ತೆಗೆದುಕೊಂಡ. ಟೈಲರ್ ಸಾಹೇಬರ ಮಗ. ಅಂಗಡಿಯ ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತವನು. ಅಕ್ಕನನ್ನು ‘ಅಕ್ಕಾ’ ಎಂದು ಕರೆದುಕೊಂಡೇ ಬೆಳೆದವನು. ನೆಟ್ಟಿನ ಹತ್ತಿರ ನಿಂತು ಚೆಂಡನ್ನು ಗಾಳಿಗೆ ಒಪ್ಪಿಸಿದಂತೆ ಮೆಲ್ಲಗೆ ತಟ್ಟುತ್ತಿದ್ದ. ಗಾಳಿ ಅದನ್ನು ಆಚೆ ಇಳಿಸುತ್ತಿತ್ತು. ಅಂಥ ಒಂದು ಹೊಡೆತಕ್ಕೆ ಎದುರು ಬದಿಯಲ್ಲಿ ಒಂಟಿ ಚಪ್ಪಾಳೆ ಕೇಳಿಸಿತು. ಅಕ್ಕನದು.

“ಏನಮ್ಮೋ, ಯಾರ್ ಕಡೆ ನೀನು?” ಎಂದು ಆ ಕಡೆಯ ಯಾರೋ ರೇಗಿಸಿದರು. ಅಪ್ಪ ನೆಟ್ಟಗೆ ಕೂತರು.

ಎರಡನೆಯ ಗೇಮು ನಮ್ಮದಾಯಿತು. ಮೂರನೆಯದರಲ್ಲಿ ಇಬ್ಬರೂ ಸಮಸಮ ಹೋದರು. ಬೆಟ್ಟದ ನೆರಳು ಕೋರ್ಟಿನ ಮೇಲೆ ಬಂತು. ನಮ್ಮವನೊಬ್ಬ ನೆಟ್ಟಿಗೆ ಹೊಡೆದಾಗ, “ಲೇ, ನೆಟ್ ಸ್ವಲ್ಪ ಇಳಿಸ್ರಲೇ, ಹಿರಿಯೂರಿನೋರಿಗೆ ಎತ್ತರ ಆಗೈತೆ!” ಎಂದು ಆಚೆಯಿಂದ ಕೂಗಿದರು. “ನಿಮ್ಮೋರಿಗೆ ಏಣಿ ತರಿಸ್ರಪ್ಪ ಮೊದ್ಲು!” ಎಂದು ನಮ್ಮವರು ಉತ್ತರ ಕೊಟ್ಟರು. ಅಪ್ಪ ಯಾವುದಕ್ಕೂ ನಗಲಿಲ್ಲ.

ಹೊಳಲ್ಕೆರೆಗೆ ಇನ್ನೊಂದೇ ಪಾಯಿಂಟು ಬೇಕಿತ್ತು. ಚೆಂಡು ಬಹಳ ಹೊತ್ತು ಆಚೀಚೆ ಹೋಯಿತು. ಟೈಲರ್ ಸಾಹೇಬರ ಮಗ ಮುಂದೆ ಬಂದು, ಇಡೀ ಮಧ್ಯಾಹ್ನ ತಟ್ಟಿದಂತೆಯೇ ಚೆಂಡನ್ನು ಮೆಲ್ಲಗೆ ತಟ್ಟಿದ. ಆ ಒಂದು ಕ್ಷಣ ಗಾಳಿ ನಿಂತಿತು. ಚೆಂಡು ನೆಟ್ಟಿನ ಪಟ್ಟಿಗೆ ತಾಗಿ ನಮ್ಮ ಕಡೆಯೇ ಬಿತ್ತು.

ಆಚೆಯ ಜನವೆಲ್ಲ ಒಮ್ಮೆಗೇ ಎದ್ದಿತು. ಟವೆಲು ಬೀಸಿದರು, ಶಿಳ್ಳೆ ಹಾಕಿದರು, ಭಾವನನ್ನು ಎತ್ತಿಕೊಂಡರು. ಎದ್ದವರ ಕಾಲುಗಳ ನಡುವೆ ಚಾಪೆಯ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಅತ್ತೆ ಬಗ್ಗಿ ಅವಳ ಭುಜ ಅಲುಗಿಸಿ ಏನೋ ಕೇಳಿದರು. ಅವಳು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಅತ್ತೆ ಬೈದರೇನೋ ಎಂದು ಭಯವಾಯಿತು. ಅಪ್ಪನ ಕಡೆ ನೋಡಿದೆ. ಅವರು ಚೆಂಡು ಬಿದ್ದ ಜಾಗವನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದರು.

ಭಾವ ಜನರಿಂದ ಬಿಡಿಸಿಕೊಂಡು ಮೊದಲು ನಮ್ಮ ಬಳಿಗೆ ಬಂದರು. “ಗಾಳಿ ನಿಂತ್ಬಿಡ್ತು ಮಾವ. ಇಲ್ಲಾಂದ್ರೆ ಅದು ದಾಟ್ತಿತ್ತು” ಎಂದರು.

“ಗಾಳಿ ಇಬ್ರಿಗೂ ನಿಂತಿತ್ತು ಕಣಪ್ಪ. ಚೆನ್ನಾಗಿ ಆಡ್ದೆ.”

ಭಾವನ ಹಿಂದೆ ಅಕ್ಕ ಕೋರ್ಟು ದಾಟಿ ಬಂದಳು. ನಾನು ಎದ್ದೆ. ಅವಳು ಟವೆಲಿನ ಮೇಲೆ, ಹಳೆಯ ಜಾಗದಲ್ಲಿ, ಕಾಲು ಮಡಿಸಿ ಕೂತಳು. ಅಪ್ಪನೂ ಅವಳೂ ನೆಟ್ಟು ಬಿಚ್ಚುವವರನ್ನು ನೋಡಿದರು.

“ಅತ್ತೆ ಏನಂದ್ರು?” ಎಂದರು ಅಪ್ಪ.

“ಗಂಡ ಗೆದ್ದಾನೆ, ಕೈಗೇನಾಗೈತೆ ನಿಂಗೆ ಅಂದ್ರು.”

“ನೀನೇನಂದೆ?”

“ನಮ್ಮನೇಲಿ ತಪ್ಪಿಗೆ ತಟ್ಟಲ್ಲ ಅಂದೆ.”

“ಅದಕ್ಕವ್ರು?”

“ನಿಮ್ಮಪ್ಪಂಗೆ ತಲೆ ಕೆಟ್ಟೈತೆ ಅಂದ್ರು.”

ಅಪ್ಪ ಗಟ್ಟಿಯಾಗಿ ನಕ್ಕರು. ಅವತ್ತು ಮೊದಲ ಸಲ. ಅಕ್ಕನೂ ನಕ್ಕಳು. ಆಮೇಲೆ ಟವೆಲಿನ ಅಂಚನ್ನು ಬೆರಳಲ್ಲಿ ಮಡಿಸುತ್ತಾ, “ಆದ್ರೆ ಅಪ್ಪಾ, ನಾನು ಈಗ ಹೊಳಲ್ಕೆರೆ ಕಡೇನೇ. ಅತ್ತೆಗೆ ಹೆದರ್ಕಂಡಲ್ಲ” ಎಂದಳು.

“ಕಂಡೆ ಕಣವ್ವ” ಎಂದರು ಅಪ್ಪ. “ಚೆನ್ನಾಗಿ ನೋಡ್ದೆ ನೀನು ಆಟಾನ.”

ಲಾರಿಯ ಹತ್ತಿರದಿಂದ ಅತ್ತೆ ಕೂಗಿದರು. ಅಕ್ಕ ಎದ್ದು ಸೀರೆ ಕೊಡವಿಕೊಂಡು ಹೋದಳು. ಹೋಗುವ ದಾರಿಯಲ್ಲಿ, ಬ್ಯಾಟನ್ನು ಮಂಡಿಯ ಮೇಲಿಟ್ಟುಕೊಂಡು ಒಬ್ಬನೇ ಕೂತಿದ್ದ ಟೈಲರ್ ಸಾಹೇಬರ ಮಗನ ಹತ್ತಿರ ನಿಂತು ಏನೋ ಹೇಳಿದಳು. ಅವನು ತಲೆ ಎತ್ತದೆ ಹೂಂಗುಟ್ಟಿದ.

ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದೆವು. ಅಪ್ಪ ಅದನ್ನು ಗೋಡೆಗೆ ಒರಗಿಸಿದರು.

“ಸೋತ್ರಾ?” ಎಂದಳು ಅವ್ವ ಒಳಗಿನಿಂದ.

“ಹೂಂ. ನಿನ್ನ ಮಗಳು ಗೆದ್ಲು.”

“ನನ್ನೊಬ್ಬಳ ಮಗಳಾ ಅವ್ಳು?”

ಅಪ್ಪ ಕಾಲು ತೊಳೆಯಲು ಹೋದರು. ಊಟಕ್ಕೆ ಕೂತಾಗ ಅವ್ವ ಅಕ್ಕ ಹೇಗಿದ್ದಾಳೆ, ಇಳಿದಿದ್ದಾಳಾ, ಬಳೆ ಯಾವುದು ಹಾಕಿದ್ದಳು ಎಂದು ಒಂದೊಂದಾಗಿ ಕೇಳಿದಳು. ಅಪ್ಪನೇ ಎಲ್ಲದಕ್ಕೂ ಉತ್ತರ ಕೊಟ್ಟರು. ಸೋತ ದಿನ ನಮ್ಮ ಮನೆಯ ಊಟದಲ್ಲಿ ಮಾತು ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಬಳೆ ಮಾತ್ರ ಅವರು ನೋಡಿರಲಿಲ್ಲ. ಹಸಿರು ಎಂದು ನಾನು ಹೇಳಿದೆ.

ಬೆಳಿಗ್ಗೆ ಎಚ್ಚರವಾದಾಗ ಅಂಗಳದಲ್ಲಿ ಸೈಕಲ್ಲಿನ ಸದ್ದಾಯಿತು, ಮತ್ತೆ ನಿಂತಿತು. ಕಿಟಕಿಯಿಂದ ನೋಡಿದೆ. ಅಪ್ಪ ಸೈಕಲ್ ಹಿಡಿದು ನಿಂತಿದ್ದರು. ಟೈರು ಒತ್ತಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು. ಇನ್ನೊಮ್ಮೆ ಒತ್ತಿ ನೋಡಿದರು. ಒಬ್ಬರೇ ಹೊರಡುವುದು ಅವರಿಗೆ ಅಭ್ಯಾಸವಿರಲಿಲ್ಲ.

ನಾನು ಮುಖ ತೊಳೆದು, ಮೊಳೆಗೆ ನೇತುಹಾಕಿದ್ದ ಟವೆಲು ತೆಗೆದುಕೊಂಡು ಹೊರಗೆ ಬಂದೆ. “ಹೋಗಾಣ” ಎಂದೆ. ಅಪ್ಪ ನನ್ನ ಕೈ ನೋಡಿದರು. “ಪುಸ್ತಕ?” ಎಂದರು. ಬೇಡವೆಂದು ತಲೆಯಾಡಿಸಿದೆ.

ಮೈದಾನದಲ್ಲಿ ನೋಡುವವರು ಬೇರೆ ಯಾರೂ ಇರಲಿಲ್ಲ. ಟೈಲರ್ ಸಾಹೇಬರ ಮಗ ನೆಟ್ಟು ಕಟ್ಟಿಕೊಂಡು, ಹಿಂದಿನ ದಿನ ತಪ್ಪಿದ ಅದೇ ಹೊಡೆತವನ್ನು ಹೊಡೆಯುತ್ತಿದ್ದ. ಗಾಳಿ ಇರಲಿಲ್ಲ. ನಾನು ಕಂಬದ ನೇರಕ್ಕೆ ಟವೆಲು ಹಾಸಿ ಕೂತೆ. ಅಪ್ಪ ಪಕ್ಕದಲ್ಲಿ ನೆಲದ ಮೇಲೆ ಕೂತರು. ಒಂದೆರಡು ಚೆಂಡು ನೆಟ್ಟಿಗೆ ಬಿದ್ದವು. ಆಮೇಲಿನದು ಪಟ್ಟಿಯ ಮೇಲೆ ಒಂದು ಕೂದಲೆಳೆಯಷ್ಟು ಎತ್ತರದಲ್ಲಿ ಹಾದು, ಆಚೆ ನೆಟ್ಟಿನ ಬುಡದಲ್ಲೇ ಇಳಿಯಿತು.

ನಾನು ಚಪ್ಪಾಳೆ ತಟ್ಟಿದೆ.