ಬಿಸಿಲಿಗೆ ಮುಚ್ಚಿದ ಮಡಕೆ

ಕಟ್ಟೆಮಳಲವಾಡಿಯ ಕಾಲುವೆಯಾಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿರುವ ನಾಲ್ಕಾರು ಸಂಸಾರಗಳಲ್ಲಿ ಮಲ್ಲಾಜಮ್ಮನದು ಕೊನೆಯ ಮನೆ. ಯಾರೇ ಬಂದರೂ ಆಕೆ ಮೊದಲು ಕೇಳುವುದು, "ಯಾರು ಕಳಸಿದ್ರು ನಿನ್ನ?" ಎಂದು. ಡೇರಿಯಲ್ಲಿ ಹಾಲು ಅಳೆಯುವ ಯಂತ್ರವನ್ನು ಆಕೆ ನಂಬುವುದಿಲ್ಲ. ಬಸ್ಸಿನ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಹೆಂಗಸು ಹುಣಸೂರು ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಾರಳು.

ಆ ಮನೆಗಳಿಗೆ ಕರೆಂಟಿನ ಕಂಬ ಬಂದಿಲ್ಲ. ಆಕೆಯ ಗಂಡ ಸಣ್ಣಬೀರಯ್ಯ ತಂಬಾಕು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟಲು ಕತ್ತಲಲ್ಲಿ ಹೋಗಿ, ಹಾವು ತುಳಿದು ತೀರಿಕೊಂಡ. ಮಗ ನಟರಾಜು ಲಾರಿ ಹತ್ತಿದರೆ ವಾರಗಟ್ಟಲೆ ಮನೆಯ ಕಡೆ ಇಲ್ಲ. ಹಾಗಾಗಿ ಬೆಂಕಿ ನೋಡಲು ಈಗ ಅದೇ ದಾರಿಯಲ್ಲಿ ಲಾಟೀನು ಹಿಡಿದು ಹೋಗುವವಳು ಸೊಸೆ ಸುಧಾ. ಅವಳು ಹಿಂದಿರುಗುವವರೆಗೆ ಮಲ್ಲಾಜಮ್ಮನಿಗೆ ಮೈಯಲ್ಲಿ ಜೀವ ಇರುವುದಿಲ್ಲ. ಆ ದಾರಿಗೊಂದು ದೀಪ ಆಗಬೇಕು ಎಂಬುದು ಬಿಟ್ಟರೆ ಆಕೆಗೆ ಬೇರೆ ಆಸೆಯೇ ಇಲ್ಲ.

ಹೋದ ವರ್ಷ ಮುಂಗಾರಿಗೆ ಮುಂಚೆ, ಹುಣಸೂರಿನಲ್ಲಿ ಮೋಟಾರು ರಿಪೇರಿ ಮಾಡುವ ಗೌಸ್ ಸಾಹೇಬರ ಮಗ ಮುಜಫರ್ ಬೈಕಿಗೊಂದು ಕಬ್ಬಿಣದ ಕಂಬ ಕಟ್ಟಿಕೊಂಡು ಬಂದ. ಅದನ್ನು ಮಲ್ಲಾಜಮ್ಮನ ಬದುವಿನಲ್ಲಿ ನೆಟ್ಟು, ಮೇಲೆ ಬಟ್ಟಲಿನಂಥ ಗಾಜು ಕೂರಿಸಿದ.

"ಕರೆಂಟು ಮಾಡ್ಕೊಡೋ ಆಫೀಸಿನೋರು ಕಳಿಸವ್ರೆ. ಇದು ವರ್ಷವಿಡೀ ಬಿಸ್ಲು ಅಳಿಯೋದು ಕಣಮ್ಮ. ಬಿಸ್ಲು ಎಷ್ಟೈತೆ, ಸಗಣಿ ಎಷ್ಟೈತೆ, ತಂಬಾಕು ಕಡ್ಡಿ ಎಷ್ಟೈತೆ ಅಂತ ನೋಡ್ತೀವಿ. ಬಿಸ್ಲು ಇಲ್ದಾಗ ಕಡ್ಡಿ, ಸಗಣಿ ಗ್ಯಾಸಿಂದ ಓಡ್ತದೆ. ಎಲ್ಲ ಸೇರ್ಸಿ ನಿಮ್ಗೆ ಇಲ್ಲೇ ಕರೆಂಟು."

ಮಲ್ಲಾಜಮ್ಮ ಗಾಜನ್ನು ನೋಡಿದಳು. ಗಾಜು ಆಕೆಯನ್ನು ನೋಡಿದಂತಾಯಿತು. ಕಾಡಂಚಿನಲ್ಲಿ ಹುಲಿಯ ಜಾಡು ಹಿಡಿಯಲು ಮರಕ್ಕೆ ಕ್ಯಾಮೆರಾ ಕಟ್ಟುವುದು ಆಕೆಗೆ ಗೊತ್ತು. ಇಲ್ಲಿ ಹುಲಿ ಇಲ್ಲ. ಇರುವುದು ಲೈಸೆನ್ಸ್ ಇಲ್ಲದ ಎರಡನೆಯ ಬ್ಯಾರನ್ನು, ಮೇಲೆ ಸೋಗೆ ಹೊದಿಸಿ ಆಕೆ 'ಕೊಟ್ಟಿಗೆ' ಎಂದು ಕರೆಯುವಂಥದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯರ ಗುಣ.

"ನಮ್ತಾವ ಕಡ್ಡಿನೂ ಇಲ್ಲ, ಸಗಣಿನೂ ಇಲ್ಲ ಕಣಪ್ಪ," ಎಂದಳು. ಹಿಂದಿನಿಂದ ಹಸು ಅಂಬಾ ಎಂದಿತು. "ಅದು ಪಕ್ಕದ್ಮನೇದು."

ಅವನು ಹೋದ ಮೇಲೆ ಸುಧಾಳಿಗೆ ಹೇಳಿದಳು: "ಸುಮ್‌ಸುಮ್ಕೆ ಬಿಸ್ಲು ಅಳಿಯಕ್ಕೆ ಯಾರಾದ್ರೂ ಬತ್ತಾರಾ? ಇವನು ತಂಬಾಕು ಬೋರ್ಡಿನೋರ ಕಡೆಯೋನೇ ಕಣೆ."

ತಂಬಾಕಿನ ಸೊಪ್ಪು ಬೇಯಿಸುವ ಕಾಲ ಬಂತು. ಬೆಳೆಗೆ ಕಣ್ಣು ತಾಗದಿರಲೆಂದು ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿದ್ದ ದೃಷ್ಟಿ ಮಡಕೆಯನ್ನು ಮಲ್ಲಾಜಮ್ಮ ಕಿತ್ತು ತಂದು ಗಾಜಿನ ಮೇಲೆ ಬೋರಲು ಹಾಕಿದಳು. ಪಕ್ಕದ ಮನೆಯ ಮಂಗಳಮ್ಮ ಕೇಳಿದ್ದಕ್ಕೆ, "ದೃಷ್ಟಿಗೆ ಕಣವ್ವ," ಎಂದಳು. ಅದು ಸುಳ್ಳೂ ಅಲ್ಲ. ಕಾಲುವೆಯಾಚೆ ಬೈಕಿನ ಸದ್ದು ಕೇಳಿದ ಕೂಡಲೇ ಮಡಕೆ ಮತ್ತೆ ತಂಬಾಕಿನ ನಡುವೆ ನಿಲ್ಲುತ್ತಿತ್ತು. ಬ್ಯಾರನ್ನುಗಳ ಬೆಂಕಿ ಆರುವವರೆಗೂ ಹೀಗೇ ನಡೆಯಿತು.

ಬೇಸಿಗೆಯಲ್ಲಿ ಮುಜಫರ್ ಬಂದು ಮಂಗಳಮ್ಮನ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿದ. ಅವನ ಮುಖ ಬಾಡಿತ್ತು.

"ಪಿರಿಯಾಪಟ್ಟಣದ ಕಡೆ ಕರೆಂಟು ಆಯ್ತು. ಕೆ.ಆರ್. ನಗರದಲ್ಲಿ ಹೊಸ ಅಗ್ರಹಾರದ ಹತ್ರ ಆಯ್ತು. ಕೋಟೆ ಕಾಡಂಚಲ್ಲೂ ಆಯ್ತು. ಇಲ್ಲಿ ಮಾತ್ರ ಆಗಲ್ವಂತೆ. ಇಲ್ಲಿ ಬಿಸ್ಲೇ ಸಾಲ್ದು."

ಅಂಗಳದಲ್ಲಿ ಹರವಿದ್ದ ಹುರುಳಿ ಬಿಸಿಲಿಗೆ ಚಟಚಟ ಸಿಡಿಯುತ್ತಿತ್ತು. ಮಂಗಳಮ್ಮ ನಕ್ಕೇಬಿಟ್ಟಳು.

"ಮಿಶಿನ್ ಕೆಟ್ಟಿಲ್ಲ, ತಿರುಗಾ ನೋಡಿದೀನಿ," ಎಂದ ಅವನು. "ಸೊಪ್ಪು ಬೇಯ್ಸೋ ಕಾಲ್ದಲ್ಲಿ ನಡುಮಧ್ಯಾಹ್ನವೇ ಕತ್ಲು ಅಂತ ತೋರಿಸ್ತದೆ. ಮರದ ನೆರಳು ಅಂತ ಬರೆದು ಮುಗಿಸವ್ರೆ ಆಫೀಸಲ್ಲಿ. ಕಡ್ಡಿ, ಸಗಣಿನೂ ಇಲ್ಲ ಅಂದ್ರಲ್ಲ ನೀವು."

ಬದುವಿನಲ್ಲಿ ಮರವೇ ಇಲ್ಲ. ಮಲ್ಲಾಜಮ್ಮನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಧಾ ಎದ್ದು ಮನೆಗೆ ಹೋದಳು. ಹಿಂದೆಯೇ ಬಂದ ಮಲ್ಲಾಜಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಸೊಸೆ ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಸಣ್ಣಬೀರಯ್ಯ ಹೋದ ದಿನ ಕೈಯಲ್ಲಿದ್ದುದೂ ಅದೇ ಲಾಟೀನು.

ಮಲ್ಲಾಜಮ್ಮ ಮಡಕೆ ಎತ್ತಿಕೊಂಡು ಹೋಗಿ ಮುಜಫರ್ ಮುಂದೆ ಇಟ್ಟಳು.

"ಬಿಸ್ಲು ಇದ್ರೊಳಗೈತೆ ಕಣಪ್ಪ. ನಾನೇ ಮುಚ್ಚಿದ್ದು. ಆ ಕೊಟ್ಟಿಗೆ ಕೊಟ್ಟಿಗೆಯಲ್ಲ."

ಮುಜಫರ್ ಮಡಕೆಯನ್ನೂ ಆಕೆಯನ್ನೂ ನೋಡಿದ. "ಕೊಟ್ಟಿಗೆಯಿಂದ ಹೊಗೆ ಬರೋದು ಕಾಲುವೆ ಆಚೆಯಿಂದ್ಲೇ ಕಾಣ್ತದಮ್ಮ. ನನ್ನ ಕಳಿಸಿರೋದು ಬಿಸ್ಲು ಅಳಿಯಕ್ಕೆ, ಹೊಗೆ ಅಳಿಯಕ್ಕಲ್ಲ."

"ಗೊತ್ತಿದ್ದೂ ಯಾಕೆ ಸುಮ್ಕಿದ್ದೆ?" ಎಂದಳು ಆಕೆ, ಕಣ್ಣು ಕಿರಿದು ಮಾಡಿ. ಆ ಅನುಮಾನ ಇನ್ನೂ ಹೋಗಿಲ್ಲ.

ಅವನು ಆಫೀಸಿನವರ ಕೈಕಾಲು ಹಿಡಿದು ಇನ್ನೊಂದು ವರ್ಷದ ಅಳತೆಗೆ ಒಪ್ಪಿಸಿದ. ಈ ಸಲ ಮಲ್ಲಾಜಮ್ಮ ಎರಡನೆಯ ಬ್ಯಾರನ್ನಿಗೆ ಬೆಂಕಿಯನ್ನೇ ಹಾಕಲಿಲ್ಲ, ಹೊಗೆಯ ನೆರಳು ಗಾಜಿನ ಮೇಲೆ ಬಿದ್ದೀತೆಂದು. ಊಟವಾದದ್ದೇ ಕೋಲು ಹಿಡಿದು ಕಂಬದ ಬುಡದಲ್ಲಿ ಕೂರುತ್ತಾಳೆ. ಕಾಗೆ ಕೂರುವಂತಿಲ್ಲ, ಮಂಗಳಮ್ಮ ಆ ಕಡೆ ಸೀರೆ ಒಣಗಿಸುವಂತಿಲ್ಲ. ಗಾಜನ್ನು ಸೆರಗಿನಿಂದ ಆಗಾಗ ಒರೆಸುತ್ತಾಳೆ.

ಮೊನ್ನೆ ಕೊಡಗಿನ ಕಡೆಯಿಂದ ಒಂದು ಮೋಡ ತೇಲಿ ಬಂದು ಬದುವಿನ ಮೇಲೆ ನಿಂತಿತು. ಮಲ್ಲಾಜಮ್ಮ ಕೋಲೂರಿಕೊಂಡು ಎದ್ದು ನಿಂತು, ತಲೆ ಎತ್ತಿ ಕೇಳಿದಳು:

"ಯಾರು ಕಳಸಿದ್ರು ನಿನ್ನ?"